ಯಾವ ಕೂಸಿಗೆ ದಾನದ ಎದೆಹಾಲು ಬೇಕು?

ಕೇಳುಗರೇ, ನಮಸ್ಕಾರ. ದಾನವಾಗಿ ಬಂದ ಎದೆಹಾಲಿನ ಬಗ್ಗೆ ಇವತ್ತು ಮಾತಾಡುತ್ತೇನೆ. ಇದು ಎಲ್ಲ ಮಕ್ಕಳಿಗೂ ಬೇಕಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಿಂಗಳು ತುಂಬದೆ ಹುಟ್ಟಿ, ಒಂದೂವರೆ ಕಿಲೋ ಕೂಡ ತೂಗದೆ ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಮಲಗಿರುವ ಕೂಸು. ತಾಯಿಗೆ ಬಿಪಿ ಏರಿಯೋ ಇನ್ನೇನೋ ಆಗಿಯೋ ಹಾಲು ಇನ್ನೂ ಸಾಲುತ್ತಿಲ್ಲ. ಅಂಥ ಮಗುವಿಗೆ ಬೇಕು.

ಯಾಕೆ ಅಂದರೆ ಅಷ್ಟು ಸಣ್ಣ ಮಗುವಿನ ಕರುಳು ಬಲಿತಿರುವುದಿಲ್ಲ. ಎನ್‌ಇಸಿ ಅನ್ನುವ ಕಾಯಿಲೆ ಅದನ್ನು ಬೇಗ ಹಿಡಿಯುತ್ತದೆ. ಹೊಟ್ಟೆ ಉಬ್ಬುತ್ತದೆ, ಮಲದಲ್ಲಿ ರಕ್ತ ಬರುತ್ತದೆ, ಕರುಳಿನ ಒಂದು ಭಾಗ ಸತ್ತೇ ಹೋಗಬಹುದು. ಕೆಲವು ಮಕ್ಕಳು ಉಳಿಯುವುದಿಲ್ಲ. 1990ರಲ್ಲಿ ಬ್ರಿಟನ್ನಿನ ಸಂಶೋಧಕರಾದ ಲೂಕಸ್ ಮತ್ತು ಕೋಲ್ ತಿಂಗಳು ತುಂಬದೆ ಹುಟ್ಟಿದ 926 ಮಕ್ಕಳ ಲೆಕ್ಕ ಪ್ರಕಟಿಸಿದರು. ಬರೀ ಪುಡಿ ಹಾಲು, ಅಂದರೆ ಕೂಸುಗಳಿಗೆಂದೇ ಮಾಡಿದ ಫಾರ್ಮುಲಾ, ಕುಡಿದವರಲ್ಲಿ ಈ ಕಾಯಿಲೆ, ಬರೀ ಎದೆಹಾಲು ಕುಡಿದವರಿಗಿಂತ ಆರರಿಂದ ಹತ್ತು ಪಟ್ಟು ಜಾಸ್ತಿ ಇತ್ತು.

ಆಮೇಲೆ ಬಂದ ಅಧ್ಯಯನಗಳಲ್ಲಿ 2024ರಲ್ಲಿ ಪ್ರಕಟವಾದ ಅಮೆರಿಕದ್ದು ನನಗೆ ಬಹಳ ಮುಖ್ಯ ಅನಿಸುತ್ತದೆ. ತಾಯಿ ಹಾಲು ಸಿಗದ, ಸಿಕ್ಕರೂ ತೀರಾ ಕಡಿಮೆ ಸಿಕ್ಕ 483 ಮಕ್ಕಳಲ್ಲಿ ಕೆಲವರಿಗೆ ದಾನದ ಹಾಲು, ಉಳಿದವರಿಗೆ ಪುಡಿ ಹಾಲು ಕೊಟ್ಟರು. ಪುಡಿ ಹಾಲಿನವರಲ್ಲಿ ನೂರಕ್ಕೆ 9 ಮಕ್ಕಳಿಗೆ ಎನ್‌ಇಸಿ ಬಂತು, ದಾನದ ಹಾಲಿನವರಲ್ಲಿ ನೂರಕ್ಕೆ ಸುಮಾರು 4 ಮಕ್ಕಳಿಗೆ. ಅರ್ಧಕ್ಕಿಂತ ಕಡಿಮೆ! ಆದರೆ ಎರಡು ವರ್ಷದ ಹೊತ್ತಿಗೆ ಬುದ್ಧಿ ಬೆಳವಣಿಗೆ ನೋಡಿದಾಗ ಎರಡು ಗುಂಪಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. 2016ರ ಕೆನಡಾ ಅಧ್ಯಯನದಲ್ಲೂ ಹಾಗೇ ಆಗಿತ್ತು. ಜೊತೆಗೆ ಅಮೆರಿಕದಲ್ಲಿ ದಾನದ ಹಾಲು ಕುಡಿದವರ ತೂಕ ನಿಧಾನವಾಗಿ ಏರಿತು.

ಇದಕ್ಕೆ ಕಾರಣ ಇದೆ. ಹಾಲು ಕೊಡುವವರು ಹೆಚ್ಚಾಗಿ ತಿಂಗಳು ತುಂಬಿ ಹೆತ್ತವರು, ಹೆರಿಗೆಯಾಗಿ ಕೆಲವು ತಿಂಗಳು ಕಳೆದವರು. ಅವರ ಹಾಲಲ್ಲಿ ಪ್ರೋಟೀನ್ ಕಡಿಮೆ. ಮತ್ತೆ ಆ ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಬಿಸಿ ಮಾಡುತ್ತಾರೆ. ರೋಗಾಣು ಸಾಯುತ್ತವೆ, ಎಚ್‌ಐವಿ ಕೂಡ. ಅದರ ಜೊತೆಗೆ ಕೊಬ್ಬು ಜೀರ್ಣ ಮಾಡುವ ಕಿಣ್ವ ಹಾಳಾಗುತ್ತದೆ, ಸೋಂಕಿನಿಂದ ಕಾಯುವ ಪ್ರೋಟೀನ್‌ಗಳೂ ಒಂದಷ್ಟು ಹೋಗುತ್ತವೆ. ಒಳ್ಳೆಯ ಬ್ಯಾಕ್ಟೀರಿಯಾಗೆ ಆಹಾರವಾಗುವ ವಿಶೇಷ ಸಕ್ಕರೆಗಳು ಮಾತ್ರ ಹೆಚ್ಚುಕಡಿಮೆ ಹಾಗೇ ಉಳಿಯುತ್ತವೆ. ಅದಕ್ಕೇ ವೈದ್ಯರು ಈ ಹಾಲಿಗೆ ಪ್ರೋಟೀನ್, ಕ್ಯಾಲ್ಸಿಯಂ ಸೇರಿಸಿ ಕೊಡುತ್ತಾರೆ.

ಹಾಗಾದರೆ ಮೊದಲ ಆಯ್ಕೆ ಹೆತ್ತ ತಾಯಿಯ ಹಾಲೇ, ಅಲ್ವಾ? ನನಗೆ ಸಂಕಟವಾಗುವುದು ಇಲ್ಲೇ. ಎಷ್ಟೋ ಕಡೆ ಮಗು ಒಂದು ಮಹಡಿಯಲ್ಲಿ, ಬಾಣಂತಿ ಇನ್ನೊಂದು ಮಹಡಿಯಲ್ಲಿ ಇರುತ್ತಾರೆ, ಎರಡು ದಿನವಾದರೂ ಹಾಲು ಹಿಂಡಿ ತೆಗೆಯುವುದು ಹೇಗೆ ಅಂತ ಅವಳಿಗೆ ಯಾರೂ ಹೇಳಿಕೊಟ್ಟಿರುವುದಿಲ್ಲ, ಆಮೇಲೆ ಹಾಲೇ ಇಲ್ಲ ಅಂತ ಅವಳ ಮೇಲೇ ತಪ್ಪು ಹೊರಿಸುತ್ತಾರೆ. ಹೆರಿಗೆಯಾದ ಮೊದಲ ಗಂಟೆಗಳಲ್ಲೇ ಹಿಂಡಲು ಶುರು ಮಾಡಿಸಬೇಕು. ನಾಲ್ಕು ಹನಿ ಬಂದರೂ ಅದನ್ನು ಮಗುವಿಗೆ ಮುಟ್ಟಿಸಬೇಕು. ಅವಳ ಹಾಲು ಸಾಕಾಗುವವರೆಗೆ ಮಾತ್ರ ದಾನದ ಹಾಲು.

ದಾನದ ಹಾಲನ್ನು ಸಂಗ್ರಹಿಸಿ, ಪರೀಕ್ಷಿಸಿ, ಮಕ್ಕಳಿಗೆ ಒದಗಿಸುವ ಜಾಗವೇ ಎದೆಹಾಲಿನ ಬ್ಯಾಂಕ್. ಏಷ್ಯಾದಲ್ಲಿ ಮೊದಲನೆಯದು ಶುರುವಾಗಿದ್ದು 1989ರಲ್ಲಿ, ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ. ಡಾ. ಅರ್ಮಿಡಾ ಫರ್ನಾಂಡಿಸ್ ಅದನ್ನು ಕಟ್ಟಿದರು. ಈಗ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲೂ ಇಂಥ ಬ್ಯಾಂಕ್ ಇದೆ.

“ಯಾರ ಹಾಲೋ ಏನೋ” ಅಂತ ಮನೆಯ ಹಿರಿಯರು ಹಿಂಜರಿಯುತ್ತಾರೆ. ಆ ಭಯವನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಬ್ಯಾಂಕಿನಲ್ಲಿ ದಾನಿಯ ರಕ್ತ ಪರೀಕ್ಷೆ ಆಗುತ್ತದೆ, ಹಾಲಿನ ಪರೀಕ್ಷೆಯೂ ಆಗುತ್ತದೆ. ವಾಟ್ಸಾಪ್ ಗುಂಪಿನಲ್ಲಿ ಕೇಳಿ ತರುವ ಹಸಿ ಹಾಲಿಗೆ ಈ ಯಾವ ರಕ್ಷಣೆಯೂ ಇಲ್ಲ, ದಯವಿಟ್ಟು ಅದನ್ನು ಮಗುವಿಗೆ ಕೊಡಬೇಡಿ. ಎದೆಹಾಲು ಮಾರುವಂತಿಲ್ಲ ಅಂತ 2024ರಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರವೂ ಹೇಳಿದೆ.

ನೀವು ಬಾಣಂತಿಯಾಗಿದ್ದು, ನಿಮ್ಮ ಮಗು ಹೊಟ್ಟೆ ತುಂಬ ಕುಡಿದ ಮೇಲೂ ಹಾಲು ಉಳಿಯುತ್ತಿದ್ದರೆ, ಹತ್ತಿರದ ದೊಡ್ಡ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಒಮ್ಮೆ ವಿಚಾರಿಸಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳು ಯಾವುವು ಅಂತ ಮುಚ್ಚಿಡದೆ ಹೇಳಿ. ನಮಸ್ಕಾರ.