ಪಿಸ್ತೂಲು ಬದಿಗಿಡಿ, ಪೆನ್ಸಿಲ್ ಹಿಡಿಯಿರಿ

ಕೇಳುಗರಿಗೆ ನಮಸ್ಕಾರ. ಗೂಢಚಾರ ಅಂದ ಕೂಡಲೇ ಕಪ್ಪು ಕನ್ನಡಕ, ಕೈಯಲ್ಲಿ ಪಿಸ್ತೂಲು ನೆನಪಾಯಿತು, ಅಲ್ವಾ? ದಯವಿಟ್ಟು ಅದನ್ನು ಬಿಡಿ. ನಾನು ಹೇಳಹೊರಟಿರುವುದು ಗುಪ್ತಲಿಪಿ, ಅಂದರೆ ಗುಟ್ಟಾಗಿ ಬರೆದ ಸಂದೇಶ, ಒಡೆಯುವವರ ಕಥೆ. ಈ ಕೆಲಸಕ್ಕೆ ಬೇಕಾದದ್ದು ಪೆನ್ಸಿಲ್, ಹಾಳೆ, ಎಣಿಸುವ ತಾಳ್ಮೆ.

ಅಂಥವರಲ್ಲಿ ಒಬ್ಬರು ಅಮೆರಿಕದ ವಿಲಿಯಂ ಫ್ರೀಡ್‌ಮನ್. ಅವರು ಹುಟ್ಟಿದ್ದು 1891ರಲ್ಲಿ, ಆಗ ರಷ್ಯಾ ಸಾಮ್ರಾಜ್ಯಕ್ಕೆ ಸೇರಿದ್ದ ಕಿಶಿನೆವ್‌ನಲ್ಲಿ. ಅಲ್ಲಿ ಯಹೂದಿಗಳಿಗೆ ಉಳಿಗಾಲವಿರಲಿಲ್ಲ. ಮನೆಯವರು ಈ ಕೂಸನ್ನು ಎತ್ತಿಕೊಂಡು ಅಮೆರಿಕಕ್ಕೆ ಬಂದರು. ಹುಡುಗ ಓದಿದ್ದು ತಳಿಶಾಸ್ತ್ರ. ಷಿಕಾಗೋ ಹತ್ತಿರ ಒಬ್ಬ ಸಾಹುಕಾರನ ಪ್ರಯೋಗಾಲಯಕ್ಕೆ ಬೆಳೆಯ ತಳಿ ನೋಡಲು ಸೇರಿದವರಿಗೆ ಗುಪ್ತಲಿಪಿಯ ಹುಚ್ಚು ಹತ್ತಿತು.

ಈಗ ನನಗೆ ತುಂಬಾ ಇಷ್ಟವಾದ ಪ್ರಸಂಗ. ಮೊದಲ ಮಹಾಯುದ್ಧದ ಕಾಲ. ಬ್ರಿಟಿಷರಿಂದ ಭಾರತವನ್ನು ಬಿಡಿಸಲು ಅಮೆರಿಕದಲ್ಲಿ ಕಟ್ಟಿದ್ದ ಗದರ್ ಪಕ್ಷದ ನಮ್ಮ ಕ್ರಾಂತಿಕಾರಿಗಳು ಜರ್ಮನ್ನರ ನೆರವಿನಿಂದ ಭಾರತಕ್ಕೆ ಆಯುಧ ಕಳಿಸಲು ಹೊರಟಿದ್ದರು. ಅವರ ಪತ್ರಗಳಲ್ಲಿ ಬರೀ ಸಂಖ್ಯೆಗಳು. ಒಂದು ಪುಸ್ತಕದ ಪುಟ, ಸಾಲು, ಆ ಸಾಲಿನ ಎಷ್ಟನೇ ಅಕ್ಷರ, ಹೀಗೆ. ಯಾವ ಪುಸ್ತಕ ಅಂತ ಗೊತ್ತಿಲ್ಲದಿದ್ದರೆ ಮುಗಿಯಿತು ಅಂತೀರಾ? ಪುಸ್ತಕ ಕೈಯಲ್ಲಿ ಇಲ್ಲದೆಯೇ ಫ್ರೀಡ್‌ಮನ್ ಅದನ್ನು ಬಿಡಿಸತೊಡಗಿದರು! ಬರೆಯುವವನಿಗೂ ಸೋಮಾರಿತನ ಇರುತ್ತದೆ ನೋಡಿ. ಅದೇ ಪುಟ, ಅದೇ ಸಾಲಿಗೆ ಮತ್ತೆ ಮತ್ತೆ ಹೋಗುತ್ತಾನೆ. ಒಂದು ಅಕ್ಷರ ಊಹಿಸಿದರೆ ಆ ಸಂಖ್ಯೆ ಬಂದಲ್ಲೆಲ್ಲಾ ತುಂಬಬಹುದು. ಪಕ್ಕಪಕ್ಕದ ಅಕ್ಷರ ಸಿಕ್ಕರೆ ಪುಸ್ತಕದ ಪದವೇ ಹೊರಬರುತ್ತದೆ. ಎಣಿಸು, ತುಂಬು, ಅಳಿಸು, ಮತ್ತೆ ಎಣಿಸು. ಆಮೇಲೆ ಸ್ಯಾನ್‌ಫ್ರಾನ್ಸಿಸ್ಕೋ ಕೋರ್ಟಿನಲ್ಲಿ ಸಾಕ್ಷಿಯನ್ನೂ ಹೇಳಿದರು. 1918ರ ಏಪ್ರಿಲ್‌ನಲ್ಲಿ, ವಿಚಾರಣೆಯ ಕೊನೆಗೆ, ಗದರ್ ನಾಯಕ ರಾಮಚಂದ್ರರನ್ನು ಸಹ ಆರೋಪಿಯೊಬ್ಬ ಕೋರ್ಟಿನೊಳಗೇ ಗುಂಡಿಕ್ಕಿ ಕೊಂದ. ಸಿಕ್ಕಿಬಿದ್ದವರು ನಮ್ಮವರು, ಚಪ್ಪಾಳೆ ತಟ್ಟಲು ಮನಸ್ಸು ಬರುವುದಿಲ್ಲ. ಆದರೂ ಆ ಬುದ್ಧಿಗೆ ಭೇಷ್ ಅನ್ನದೆ ಇರಲಾರೆ.

ಅಯ್ಯೋ, ಗಡಿಯಾರ ಓಡುತ್ತಿದೆ. 1921ರಲ್ಲಿ ಸೇನೆಯ ಕೆಲಸಕ್ಕೆ ಸೇರಿದ ಫ್ರೀಡ್‌ಮನ್ ನಿವೃತ್ತರಾದದ್ದು 1955ರಲ್ಲಿ. 1930ರಲ್ಲಿ ಗುಪ್ತಲಿಪಿಗೆ ಹೊಸ ವಿಭಾಗ ಕಟ್ಟುವಾಗ ಅವರು ಯಾರನ್ನು ಆರಿಸಿದರು? ಗಣಿತ ಕಲಿತ ಮೇಷ್ಟ್ರುಗಳನ್ನು! 1940ರಲ್ಲಿ, ಜಪಾನ್ ತನ್ನ ರಾಯಭಾರಿಗಳ ಸಂದೇಶಗಳನ್ನು ಗುಪ್ತಲಿಪಿಗೆ ತಿರುಗಿಸುತ್ತಿದ್ದ 'ಪರ್ಪಲ್' ಯಂತ್ರದ ಗುಟ್ಟು ಒಡೆದದ್ದು ಅವರ ತಂಡವೇ. ಆ ಯಂತ್ರವನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ದೊಡ್ಡ ಸುಳಿವು ಹೊಳೆದದ್ದು ಜೆನೆವೀವ್ ಗ್ರೋಟ್‌ಜನ್ ಎಂಬ ಯುವತಿಗೆ, ಹಾಳೆಗಳನ್ನು ನೋಡುತ್ತಾ. ಪಿಸ್ತೂಲು ಎಲ್ಲಿ ಬಂತು ಹೇಳಿ? ದುಡಿದು ದುಡಿದು ಫ್ರೀಡ್‌ಮನ್ ಮನಸ್ಸು ಬಸವಳಿದು, 1941ರ ಆರಂಭದಲ್ಲಿ ಆಸ್ಪತ್ರೆ ಸೇರಬೇಕಾಯಿತು.

ಹೆಂಡತಿ ಎಲಿಜಬೆತ್ ಇನ್ನೂ ಒಂದು ಕೈ ಮೇಲು ಅಂತ ನನ್ನ ಲೆಕ್ಕ. ಮದ್ಯದ ಕಳ್ಳಸಾಗಣೆದಾರರ ಸಂದೇಶಗಳನ್ನು ಒಡೆದು ಕೋರ್ಟಿನಲ್ಲಿ ಬಿಡಿಸಿ ತೋರಿಸಿದವರು. ನಿಲಯದವರು ಇನ್ನೊಮ್ಮೆ ಕರೆದರೆ ಅವರ ಬಗ್ಗೆಯೇ ಮಾತಾಡುತ್ತೇನೆ. ನಮಸ್ಕಾರ.