ಏನೂ ಇಲ್ಲದ ಕಡಲಿನ ಫೋಟೊಗಳು

ಎಲ್ಲರಿಗೂ ನಮಸ್ಕಾರ. ಇಮ್ಮರ್ಸಿವ್ ಪ್ರದರ್ಶನ ಅಂದರೆ ಈಗ ಕತ್ತಲೆ ಹಾಲ್, ನಾಲ್ಕೂ ಗೋಡೆಗೆ ಪ್ರೊಜೆಕ್ಟರ್ ಬೆಳಕು, ಜೋರು ಸಂಗೀತ, ನಡುವೆ ನಿಂತು ಸೆಲ್ಫಿ. ಕಡಲಿನ ಬಗ್ಗೆ ಮಾಡಿದರೆ ಅಲೆಯ ಸದ್ದೂ ಸ್ಪೀಕರ್‌ನಿಂದಲೇ ಬರುತ್ತದೆ. ಇವತ್ತು ನಾನು ಮಾತಾಡುವುದು ಇದಕ್ಕೆ ಪೂರ್ತಿ ಉಲ್ಟಾ ಕೆಲಸ ಮಾಡಿದ ಜಪಾನಿನ ಫೋಟೊಗ್ರಾಫರ್ ಹಿರೋಶಿ ಸುಗಿಮೊಟೊ ಬಗ್ಗೆ.

1948ರಲ್ಲಿ ಟೋಕಿಯೊದಲ್ಲಿ ಹುಟ್ಟಿದ ಇವರು 1980ರಿಂದ ಕಡಲಿನ ಫೋಟೊ ತೆಗೆಯುತ್ತಾ ಬಂದಿದ್ದಾರೆ. ಶುರುವಾಗಿದ್ದು ಜಮೈಕಾದಲ್ಲಿ, ಕೆರಿಬಿಯನ್ ಸಮುದ್ರದಿಂದ. 8 ಇಂಚಿಗೆ 10 ಇಂಚಿನ ಫಿಲ್ಮ್ ಹಾಕುವ ದೊಡ್ಡ ಕ್ಯಾಮೆರಾ, ಕಪ್ಪು ಬಿಳುಪು, ಮೇಲರ್ಧ ಆಕಾಶ, ಕೆಳಗರ್ಧ ನೀರು. ಅಷ್ಟೇ. ದೋಣಿ ಇಲ್ಲ, ಹಕ್ಕಿ ಇಲ್ಲ, ಮರಳಿಲ್ಲ, ಜನ ಇಲ್ಲ. ಯಾವ ಕಡಲು ಅಂತ ಗೊತ್ತಾಗುವುದು ಕೆಳಗಿನ ಹೆಸರು ಓದಿದಾಗ ಮಾತ್ರ. ಆದಿಮಾನವ ಕಂಡ ನೋಟವನ್ನೇ ಇವತ್ತಿನ ಮನುಷ್ಯನೂ ಕಾಣಬಹುದಾ ಅನ್ನುವ ಪ್ರಶ್ನೆ ಅವರಿಗಿತ್ತು. ನೆಲದ ಮೇಲೆ ಅದು ಕಷ್ಟ, ನಾವು ಎಲ್ಲವನ್ನೂ ಅಗೆದು ಕಟ್ಟಿಬಿಟ್ಟಿದ್ದೇವೆ. ಕಡಲಿಗೂ ಪ್ಲಾಸ್ಟಿಕ್ ಸೇರಿದೆಯಲ್ಲ ಅಂತ ನೀವು ಕೇಳಬಹುದು, ನಿಜ, ಆದರೆ ದೂರಕ್ಕೆ ಕಾಣುವುದಿಲ್ಲ.

ಫೋನಿನಲ್ಲಿ ನೋಡಿದರೆ ಈ ಫೋಟೊಗಳು ಬೂದು ಬಣ್ಣದ ಎರಡು ಪಟ್ಟಿ. ಸುಮ್ನೆ ದಾಟಿ ಹೋಗುತ್ತೀರಿ. ಇವನ್ನು ಎಲ್ಲಿ ತೂಗುಹಾಕುತ್ತಾರೆ ಅನ್ನುವುದರಲ್ಲೇ ಅರ್ಧ ಕೆಲಸ ಇದೆ.

ಜಪಾನಿನ ನಾವೊಶಿಮಾ ದ್ವೀಪದ ಬೆನೆಸ್ಸೆ ಹೌಸ್ ನೋಡಿ. ವಾಸ್ತುಶಿಲ್ಪಿ ತಡಾವೊ ಆಂಡೊ ವಿನ್ಯಾಸ ಮಾಡಿದ ಈ ಮ್ಯೂಸಿಯಂ 1992ರಲ್ಲಿ ತೆರೆಯಿತು. ಫೋಟೊವನ್ನು ಬಿಸಿಲು, ತೇವದಿಂದ ಕಾಪಾಡುವುದು ಮ್ಯೂಸಿಯಂಗಳ ಮೊದಲ ಪಾಠ ಅಲ್ವಾ? ಇಲ್ಲಿ ಸುಗಿಮೊಟೊ ಅವರ ಕಡಲುಗಳು ಹೊರಗೇ ಇವೆ, ಕಾಂಕ್ರೀಟ್ ಗೋಡೆಯ ಮೇಲೆ, ಕಡಲ ಗಾಳಿಗೆ ಮೈಯೊಡ್ಡಿ.

2017ರಲ್ಲಿ ಅವರು ಜಪಾನಿನದೇ ಒಡವಾರಾ ಊರಿನ ಬಳಿಯ ಎನೌರಾದಲ್ಲಿ, ಸಗಾಮಿ ಕೊಲ್ಲಿಯ ಮೇಲಿನ ಗುಡ್ಡದಲ್ಲಿ, ತಮ್ಮದೇ ಜಾಗ ತೆರೆದರು. ಸಮುದ್ರ ಮಟ್ಟದಿಂದ 100 ಮೀಟರ್ ಎತ್ತರದಲ್ಲಿ 100 ಮೀಟರ್ ಉದ್ದದ ಗ್ಯಾಲರಿ. ಒಂದು ಪಕ್ಕ ಓಯಾ ಎಂಬ ಒರಟು ಕಲ್ಲಿನ ಗೋಡೆ, ಅದರ ಮೇಲೆ ಫೋಟೊಗಳು. ಇನ್ನೊಂದು ಪಕ್ಕ ಕಂಬವೇ ಇಲ್ಲದೆ ನಿಂತ ಗಾಜು. ಕೊನೆಯ 12 ಮೀಟರ್ ಕಡಲಿನ ಕಡೆಗೆ ಗಾಳಿಯಲ್ಲಿ ಚಾಚಿಕೊಂಡಿದೆ. ಬೇಸಿಗೆಯಲ್ಲಿ ಹಗಲು ಅತಿ ಉದ್ದವಾದ ದಿನ ಬೆಳಗಿನ ಬಿಸಿಲು ಕಡಲಿನಿಂದ ನೇರ ಒಳಗೆ ನುಗ್ಗಿ ಇಡೀ ಉದ್ದಕ್ಕೂ ಹರಿಯುತ್ತದೆ. ಚಳಿಗಾಲದ ಅತಿ ಚಿಕ್ಕ ಹಗಲಿಗೆ ಬೇರೆ ದಾರಿ ಇದೆ, 70 ಮೀಟರ್ ಉದ್ದದ ಲೋಹದ ಸುರಂಗ. ಒಂದು ಸ್ವಿಚ್ಚಿಲ್ಲ, ಒಂದು ಸ್ಪೀಕರಿಲ್ಲ.

ನಿಜವಾದ ಕಡಲೇ ಎದುರಿಗಿರುವಾಗ ಫೋಟೊ ಯಾಕೆ ಅನ್ನುವ ತಕರಾರಿಗೆ ನನ್ನ ಉತ್ತರ ಇಷ್ಟು. ಕಡಲಿನಲ್ಲಿ ನಾವು ದೋಣಿ ಹುಡುಕುತ್ತೇವೆ, ಅಲೆ ಎಣಿಸುತ್ತೇವೆ, ಸೂರ್ಯನನ್ನು ಅಂಗೈಯಲ್ಲಿ ಹಿಡಿದಂತೆ ಪೋಸು ಕೊಡುತ್ತೇವೆ. ಈ ಫೋಟೊ ಅದಕ್ಕೆಲ್ಲ ಅವಕಾಶ ಕೊಡುವುದಿಲ್ಲ. ಅದರ ಮುಂದೆ ಒಂದಷ್ಟು ಹೊತ್ತು ನಿಂತು ತಿರುಗಿದರೆ ಹೊರಗಿನ ಕಡಲನ್ನೂ ಹಾಗೇ ನೋಡಲು ಶುರು ಮಾಡುತ್ತೀರಿ.

ನಾವೊಶಿಮಾದಲ್ಲೇ ಅವರು ವಿನ್ಯಾಸ ಮಾಡಿ 2002ರಲ್ಲಿ ಮುಗಿಸಿದ ಗೊಓ ದೇಗುಲವಿದೆ. ನೆಲದಡಿಯ ಕಲ್ಲಿನ ಕೋಣೆಗೆ ಗಾಜಿನ ಮೆಟ್ಟಿಲು ಇಳಿಯುತ್ತದೆ. ಆ ಕೋಣೆಯಿಂದ ಇಕ್ಕಟ್ಟಾದ ಹಾದಿಯಲ್ಲಿ ವಾಪಸ್ ಬರುವಾಗ ಅದರ ತುದಿಯೇ ಚೌಕಟ್ಟಾಗಿ, ಅದರೊಳಗೆ ಕಡಲು ಕಾಣುತ್ತದೆ. ಅಲ್ಲಿ ಫೋಟೊ ಒಂದೂ ಇಲ್ಲ. ಆದರೂ ನಾನು ಅದನ್ನು ಅವರ ಕಡಲ ಫೋಟೊಗಳ ಜೊತೆಗೇ ಸೇರಿಸುತ್ತೇನೆ. ಒಪ್ಪದವರು ಇದ್ದರೆ ಈಗ ಕೇಳಿ, ವಾದ ಮಾಡೋಣ.