ಮಾದರಿಗಳು ಕಡಿಮೆಯಾಗಲಿ, ಆಯುಷ್ಯ ಹೆಚ್ಚಲಿ

ಕೇಳುಗರಿಗೆ ನಮಸ್ಕಾರ.

ಸ್ಯಾಮ್‌ಸಂಗ್ ಕಂಪನಿಯ ಗ್ಯಾಲಕ್ಸಿ ಫೋನು ಕೊಳ್ಳಲು ಹೊರಟವರ ಮುಂದೆ ನಮ್ಮ ದೇಶದಲ್ಲಿ ಎಸ್, ಎ, ಎಂ, ಎಫ್ ಎಂಬ ಸಾಲುಗಳೂ ಮಡಚುವ ಫೋನುಗಳ ಝಡ್ ಸಾಲೂ ಇವೆ. ಎಸ್ ದುಬಾರಿಯದು, ಎ ಮಧ್ಯಮ ಮತ್ತು ಕಡಿಮೆ ಬೆಲೆಯದು ಎಂಬುದು ಬೇಗ ತಿಳಿಯುತ್ತದೆ. ತೊಡಕಿರುವುದು ಎಂ ಮತ್ತು ಎಫ್ ಸಾಲುಗಳಲ್ಲಿ. ಎಂ ಸಾಲು 2019ರ ಜನವರಿಯಲ್ಲಿ ಆನ್‌ಲೈನ್ ಮಾರಾಟವನ್ನು ಗುರಿಯಾಗಿಟ್ಟುಕೊಂಡು ಬಂತು. 2020ರ ಅಕ್ಟೋಬರ್‌ನಲ್ಲಿ ಫ್ಲಿಪ್‌ಕಾರ್ಟ್ ಮೂಲಕ ಎಫ್41 ಬಂತು. ಅದರ ಪ್ರೊಸೆಸರ್, 6,000 ಎಂಎಎಚ್ ಬ್ಯಾಟರಿ, 64 ಮೆಗಾಪಿಕ್ಸೆಲ್‌ನ ಮುಖ್ಯ ಕ್ಯಾಮೆರಾ, ಇವೆಲ್ಲ ಅದೇ ವರ್ಷದ ಎಂ31ರಲ್ಲಿ ಆಗಲೇ ಇದ್ದವು. ಮಾರುವ ಮಳಿಗೆ ಬೇರೆಯೆಂಬ ಕಾರಣಕ್ಕೆ ಫೋನಿನ ಹೆಸರನ್ನೇ ಬೇರೆ ಮಾಡಿ, ಆ ಗೊಂದಲವನ್ನು ಗ್ರಾಹಕರ ಮೇಲೆ ಹೊರಿಸುವುದು ನ್ಯಾಯವಲ್ಲ ಎಂದೇ ನನ್ನ ಅಭಿಪ್ರಾಯ.

ಸಾಲುಗಳನ್ನು ಕೂಡಿಸುವುದು ಈ ಕಂಪನಿಗೆ ಹೊಸದೇನಲ್ಲ. 2019ರಲ್ಲಿ ಜೆ ಸಾಲನ್ನು ಎ ಸಾಲಿನಲ್ಲಿ ಸೇರಿಸಲಾಯಿತು. 2022ರಲ್ಲಿ ಎಸ್22 ಅಲ್ಟ್ರಾ ಬಂದಾಗ ಅದೇ ಕಂಪನಿಯ ನೋಟ್ ಸಾಲಿನ ಫೋನುಗಳಲ್ಲಿದ್ದ, ಪರದೆಯ ಮೇಲೆ ಬರೆಯುವ ಲೇಖನಿ ಎಸ್ ಪೆನ್ ಅದರ ಒಡಲಿಗೇ ಸೇರಿತು. ನೋಟ್ ಎಂಬ ಹೆಸರು ಹೋಯಿತು, ಬಳಕೆದಾರರಿಗೆ ಬೇಕಾದ ಲೇಖನಿ ಉಳಿಯಿತು. ಎಂ ಮತ್ತು ಎಫ್ ಸಾಲುಗಳನ್ನೂ ಹೀಗೆಯೇ ಎ ಸಾಲಿಗೆ ತಂದು, ಊರಿನ ಅಂಗಡಿಯಲ್ಲೂ ಜಾಲತಾಣದಲ್ಲೂ ಒಂದೇ ಫೋನನ್ನು ಒಂದೇ ಬೆಲೆಗೆ ಮಾರಬಹುದು. ಬೆಲೆಯ ಹೋಲಿಕೆ ತಪ್ಪಿಸಲೆಂದೇ ಹೆಸರು ಬೇರೆಯಿಡುವ ಅಗತ್ಯ ಆಗ ಇರುವುದಿಲ್ಲ.

ಇದರ ನಿಜವಾದ ಲಾಭ ಕಾಣುವುದು ಕೊಂಡ ಮೇಲೆ. ಆಂಡ್ರಾಯ್ಡ್‌ನ ಹೊಸ ಆವೃತ್ತಿ ಬಂದಾಗಲೆಲ್ಲ ಅದನ್ನು ಪ್ರತಿಯೊಂದು ಮಾದರಿಯ ಚಿಪ್, ಕ್ಯಾಮೆರಾ, ಮೋಡೆಮ್‌ಗಳಿಗೆ ಹೊಂದಿಸಿ, ಬೇರೆ ಬೇರೆ ದೇಶಗಳ ಜಾಲಗಳಲ್ಲಿ ಪರೀಕ್ಷಿಸಬೇಕಾಗುತ್ತದೆ. ಮಾದರಿ ಹೆಚ್ಚಿದಷ್ಟೂ ಈ ದುಡಿಮೆ ಹಂಚಿಹೋಗುತ್ತದೆ. 2024ರ ಜನವರಿಯಲ್ಲಿ ಎಸ್24 ಸಾಲಿಗೆ ಏಳು ವರ್ಷಗಳ ಅಪ್‌ಡೇಟ್‌ನ ಭರವಸೆ ದೊರೆಯಿತು. ಹೊಸ ಫೋನನ್ನು ಪದೇ ಪದೇ ಕೊಳ್ಳಲಾಗದವರೇ ಹೆಚ್ಚಾಗಿ ಬಳಸುವ ಅಗ್ಗದ ಮಾದರಿಗಳಿಗೆ ಆಗ ಅಷ್ಟು ದೀರ್ಘ ಅವಧಿ ದೊರೆಯಲಿಲ್ಲ. ಮಾದರಿಗಳನ್ನು ಕಡಿಮೆ ಮಾಡಿ ಉಳಿಸಿದ ಶ್ರಮ ಮೊದಲು ಸಲ್ಲಬೇಕಾದದ್ದು ಇವರಿಗೆ.

ಕಡಿತದಲ್ಲಿ ಎಚ್ಚರವೂ ಬೇಕು. ಆಪಲ್ ಕಂಪನಿಯು 5.4 ಅಂಗುಲದ ಮಿನಿ ಐಫೋನನ್ನು 2021ರ 13 ಮಿನಿಗೇ ನಿಲ್ಲಿಸಿದಾಗ, ಒಂದೇ ಕೈಯಲ್ಲಿ ಹಿಡಿಯಬಲ್ಲ ಫೋನನ್ನು ಮೆಚ್ಚಿದ್ದವರಿಗೆ ಮರುವರ್ಷದ ಸಾಲಿನಲ್ಲಿ ಅದಕ್ಕೆ ಸಮನಾದ ಆಯ್ಕೆ ಇರಲಿಲ್ಲ. ಎಂ31 ಮತ್ತು ಎಫ್41ರಂತೆ ಒಂದನ್ನೊಂದು ಹೋಲುವ ಮಾದರಿಗಳಲ್ಲಿ ಒಂದು ಹೋದರೆ ಯಾರಿಗೂ ಇಂಥ ನಷ್ಟವಾಗುವುದಿಲ್ಲ. ಸ್ಯಾಮ್‌ಸಂಗ್ ಕತ್ತರಿಯಾಡಿಸಬೇಕಾದದ್ದು ಅಲ್ಲಿ.